ಗಂಗಾಳದ ಮೇಲಿನ ಎರಡು ಅಕ್ಷರ

"ಗುರುಗಳೇ, ಹೆಣ್ಣುಮಗುವಿನ ಮೊದಲ ಹೆಸರಿಗೆ ಒಪ್ಪುವಂಥ ಎರಡನೆಯ ಹೆಸರನ್ನು ಆರಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನಿಗೆ ಮಗಳು ಹುಟ್ಟಿ ಒಂಬತ್ತು ದಿನವಾಗಿತ್ತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಬೇಕು. ಮೊದಲ ಹೆಸರನ್ನು ಮನೆಯ ಹಿರಿಯರು ಗೊತ್ತುಮಾಡಿದ್ದರು. ಎರಡನೆಯದನ್ನು ಅವನೇ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದ. ಅದು ಹೋದ ವರ್ಷ ತೀರಿಕೊಂಡ ಅವನ ಹಿರಿಮಗಳ ಹೆಸರು. ಆ ಮಾತನ್ನು ಅವನು ಎತ್ತಲಿಲ್ಲ. ಗುರುಗಳಿಗೆ ಹೊಳೆಯಿತು, ಅವರೂ ಎತ್ತಲಿಲ್ಲ. ಕುಳಿತುಕೋ ಎಂದು ಹೇಳಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಹಿಂದೆ. ಅವನಿಗೆ ಮಗಳು ಹುಟ್ಟಿದಳು. ಭದ್ರೆ ಎಂದು ಹೆಸರಿಟ್ಟರು. ಹೆಣ್ಣುಮಗಳು ಗಂಡನ ಮನೆಗೆ ಹೋಗುವಾಗ ಹೆಸರು ಕೆತ್ತಿದ ಪಾತ್ರೆಗಳನ್ನು ತವರಿನಿಂದ ಒಯ್ಯುವುದು ಅಲ್ಲಿಯ ವಾಡಿಕೆ. ಉಳಿದವರು ಮದುವೆ ಗೊತ್ತಾದ ಮೇಲೆ ಮಾಡಿಸುತ್ತಾರೆ. ಕಂಚುಗಾರನಿಗೆ ಅಷ್ಟು ತಾಳ್ಮೆ ಎಲ್ಲಿಯದು? ತೊಟ್ಟಿಲಿನ ದಿನವೇ ಉಣ್ಣುವ ಗಂಗಾಳವೊಂದನ್ನು ಮಾಡಿ ಅದರ ಅಂಚಿನ ಮೇಲೆ ಮಗಳ ಹೆಸರು ಕೆತ್ತಿದ. ವರ್ಷಕ್ಕೊಂದರಂತೆ ತಂಬಿಗೆ, ಕೊಡ, ದೀಪದ ಕಂಬ ಸೇರಿದವು. ಎಲ್ಲದರ ಮೇಲೂ ಅದೇ ಹೆಸರು.

ಐದನೆಯ ವರ್ಷ ಭದ್ರೆ ಜ್ವರ ಬಂದು ಸತ್ತಳು.

ತಾಯಿ ಅಳಲಿಲ್ಲ. ನೆರೆಯವರು ಅವಳನ್ನು ಗಟ್ಟಿಗಿತ್ತಿ ಎಂದು ಹೊಗಳಿದರು. ಜನ ಹಾಗೆಯೇ, ಅಳದವರನ್ನು ಕಂಡರೆ ಅವರಿಗೆ ಹಗುರ. ಕಂಚುಗಾರ ಪಾತ್ರೆಗಳನ್ನು ಕರಗಿಸಬೇಕೆಂದು ಕುಲುಮೆಯ ತನಕ ಒಯ್ದ. ಕೈ ಬರಲಿಲ್ಲ. ವಾಪಸು ತಂದು ಅಟ್ಟದ ಮೇಲೆ ಇಟ್ಟ.

ಮರುವರ್ಷ ಇನ್ನೊಂದು ಹೆಣ್ಣುಮಗು ಹುಟ್ಟಿತು. ಅಜ್ಜಿ ಅದಕ್ಕೆ ತುಂಗೆ ಎಂದು ಹೆಸರು ಹೇಳಿದಳು. ಇದರ ಜೊತೆಗೆ ಇನ್ನೊಂದು ಹೆಸರೂ ಇರಲಿ ಎಂದು ತಾಯಿ ಅಟ್ಟದಿಂದ ಗಂಗಾಳ ಇಳಿಸಿ ತಂದು ಗಂಡನ ಮುಂದೆ ಇಟ್ಟಳು.

"ಇದು ಹಂಗೇ ಇರ್ಲಿ. ಇದರ ಮೊದ್ಲು ತುಂಗ ಅಂತ ಸೇರಿಸಿಬಿಡ್ರಿ. ಎರಡೂ ಕೂಡಿದ್ರ ಎಷ್ಟು ಚಂದ ಆಗತೈತಿ ನೋಡ್ರಿ."

ಚಂದವೇನೋ ಆಯಿತು. ತುಂಗಭದ್ರೆ. ಹೊಳೆಯ ಹೆಸರು, ಬಾಯಿತುಂಬ ಕರೆಯುವಂಥದು. ಪುರೋಹಿತ ತಲೆದೂಗಿದ. ಇಷ್ಟು ಒಪ್ಪುವ ಜೋಡಿ ಹೆಸರನ್ನು ತಾವು ಕೇಳೇ ಇಲ್ಲ ಎಂದು ಊರಿನವರು ಹೊಗಳಿದ್ದೇ ಹೊಗಳಿದ್ದು. ಊರಿನವರಿಗೇನು, ಕಿವಿಗೆ ಇಂಪಾದರೆ ಸಾಕು. ಕಂಚುಗಾರನಿಗೆ ಮನಸ್ಸಿನಲ್ಲಿ ಏನೋ ಚುಚ್ಚಿತು. ಆದರೂ ಬಹಳ ದಿನದ ಮೇಲೆ ಹೆಂಡತಿಯ ಮುಖದಲ್ಲಿ ನಗು ಕಂಡಿದ್ದ. ಉಳಿ ತೆಗೆದುಕೊಂಡು ಹಳೆಯ ಹೆಸರಿನ ಎಡಕ್ಕೆ ಎರಡು ಅಕ್ಷರ ಕೆತ್ತಿದ.

ಕರೆಯುವಾಗ ತಾಯಿ ಅಷ್ಟುದ್ದ ಕರೆಯಲಿಲ್ಲ. ಭದ್ರೆ ಎಂದಳು. ಕಂಚುಗಾರನೂ ಹಾಗೆಯೇ ಕರೆದ. ಹಳೆಯ ಲಂಗಗಳು ಪೆಟ್ಟಿಗೆಯಿಂದ ಹೊರಗೆ ಬಂದವು. ಸತ್ತ ಮಗುವಿಗೆ ಹಾಲಿನ ಕೆನೆ ಎಂದರೆ ಪ್ರಾಣ. ಇದರ ಬಾಯಿಗೂ ಕೆನೆ ಇಟ್ಟರು. ಇದು ಉಗುಳಿತು.

"ಮೊದ್ಲು ತಿಂತಿದ್ದಿ, ಈಗೇನಾತು ನಿನಗ?" ಎಂದು ತಾಯಿ ಗದರಿದಳು. ಕಂಚುಗಾರ ಆ ಮಾತು ಕೇಳಿಸಿಯೂ ಕೇಳಿಸದವನ ಹಾಗೆ ಕುಲುಮೆಯ ತಿದಿ ಒತ್ತುತ್ತ ಕುಳಿತ. ಅಲ್ಲಿ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಹುಡುಗಿ ನಾಲ್ಕು ವರ್ಷದವಳಾದಳು. ಸತ್ತ ಅಕ್ಕನ ವಿಷಯವನ್ನು ನೆರೆಮನೆಯ ಮುದುಕಿ ಹೇಳಿಬಿಟ್ಟಿದ್ದಳು. ಒಂದು ದಿನ ಹುಡುಗಿ ಗಂಗಾಳವನ್ನು ತಂದೆಯ ಹತ್ತಿರ ಹಿಡಿದುಕೊಂಡು ಬಂದು, "ಅಪ್ಪಾ, ಇದರಾಗ ನಂದು ಯಾವುದು?" ಎಂದು ಕೇಳಿದಳು. ಅವನು ಅವಳ ಬೆರಳು ಹಿಡಿದು ಎಡಗಡೆಯ ಎರಡು ಅಕ್ಷರಗಳ ಮೇಲೆ ಇಟ್ಟ. ಅಂದಿನಿಂದ ಅವಳು ಉಣ್ಣುವಾಗಲೆಲ್ಲ ಆ ಎರಡು ಅಕ್ಷರ ತನ್ನ ಕಡೆಗೆ ಬರುವಂತೆ ಗಂಗಾಳವನ್ನು ತಿರುಗಿಸಿಕೊಳ್ಳುತ್ತಿದ್ದಳು.

ಅದನ್ನು ನೋಡಿ ಕಂಚುಗಾರ ಅವಳಿಗೆಂದೇ ಒಂದು ಬಟ್ಟಲು ಮಾಡಿದ. ಮನೆತುಂಬ ಭದ್ರೆಯ ಪಾತ್ರೆ ಇರುವಾಗ ಇದೇಕೆ ಎಂದು ಹೆಂಡತಿ ಮುಖ ಗಂಟಿಕ್ಕಿದಳು. ಹೆಸರು ಆಮೇಲೆ ಕೆತ್ತಿದರಾಯಿತು ಎಂದು ಅವನು ಬಟ್ಟಲನ್ನು ಹಾಗೆಯೇ ಗೂಡಿನಲ್ಲಿಟ್ಟ.

ಐದು ತುಂಬಿದ ಮೇಲೆ ಇವಳಿಗೂ ಜ್ವರ ಬಂತು. ನಾಲ್ಕನೆಯ ದಿನ ಮಧ್ಯಾಹ್ನ ಮೈಮೇಲಿನ ಎಚ್ಚರ ತಪ್ಪಿತು. ಹೆಸರು ಹಿಡಿದು ಕೂಗಿರಿ, ತಾಯಿಯ ದನಿ ಕೇಳಿದರೆ ಎಚ್ಚರಾಗಬಹುದು ಎಂದು ವೈದ್ಯ ಹೇಳಿದ. ತಾಯಿ ಅವಳ ಕಿವಿಯ ಹತ್ತಿರ ಬಾಯಿಟ್ಟು ಭದ್ರೇ, ಭದ್ರೇ ಎಂದು ಕೂಗಿದಳು. ಮಗು ಕಣ್ಣು ಬಿಟ್ಟಿತು.

"ಆಕಿ ಬರಂಗಿಲ್ಲವ್ವ. ನನ್ನ ಕರಿ."

ತಾಯಿ ಮತ್ತೆ ಭದ್ರೇ ಎಂದಳು. ಕಂಚುಗಾರ ತುಂಗೆ ಎನ್ನಲು ಬಾಯಿ ತೆರೆದ. ಐದು ವರ್ಷದಲ್ಲಿ ಒಮ್ಮೆಯೂ ಆ ಹೆಸರಿನಿಂದ ಕರೆದವನಲ್ಲ. ನಾಲಿಗೆ ರೂಢಿಯಂತೆ ಭದ್ರೆ ಎಂದೇ ತಿರುಗಿತು. ಎರಡನೆಯ ಸಲ ಸರಿಯಾಗಿ ಕರೆದ. ಅಷ್ಟರಲ್ಲಿ ಮಗು ಹೋಗಿತ್ತು.

ಈ ಸಲ ತಾಯಿ ಅತ್ತಳು. ಇಷ್ಟು ವರ್ಷ ಒಳಗೆ ಹಿಡಿದಿಟ್ಟದ್ದೆಲ್ಲ ಹೊರಗೆ ಬಂತು. ನನ್ನ ಭದ್ರೆ ಹೋದಳು, ನನ್ನ ಭದ್ರೆ ಹೋದಳು ಎಂದು ಎದೆ ಬಡಿದುಕೊಂಡಳು. ನೆರೆಯವರೂ ಅದೇ ಹೆಸರು ಹಿಡಿದು ಅತ್ತರು. ಇನ್ನೊಂದು ಹೆಸರು ಹಿಡಿದು ಅಳುವವರು ಅಲ್ಲಿ ಯಾರೂ ಇರಲಿಲ್ಲ. ಕಂಚುಗಾರ ಗೂಡಿನಿಂದ ಬಟ್ಟಲು ತೆಗೆದ. ಹೆಣ ಎತ್ತುವುದರೊಳಗೆ ಅದರ ಮೇಲೆ ತುಂಗೆ ಎಂದು ಕೆತ್ತಿ ಮುಗಿಸಿ, ಮಗುವಿನ ಜೊತೆಗೇ ಮಣ್ಣಿಗೆ ಇಟ್ಟ.

ಗುರುಗಳು ಕತೆ ನಿಲ್ಲಿಸಿದರು. ತಾನು ತಂದಿದ್ದ ಹೆಸರನ್ನು ಹೇಳುವ ಧೈರ್ಯ ಶಿಷ್ಯನಿಗೆ ಉಳಿಯಲಿಲ್ಲ. ಬೇರೆಯದನ್ನೇ ಕೇಳಿದ.

"ಬೇರೆ ಹೆಸರು ಇಟ್ಟಿದ್ದರೆ ಆ ಮಗು ಉಳಿಯುತ್ತಿತ್ತೇ, ಗುರುಗಳೇ?"

"ಜ್ವರ ಹೆಸರು ಕೇಳಿಕೊಂಡು ಬರುವುದಿಲ್ಲ, ಆದರೆ ಸಾಯುವ ಹೊತ್ತಿಗೆ ಆ ಮಗುವಿನ ಪಕ್ಕದಲ್ಲಿ ಭದ್ರೆಯ ತಾಯಿಯಲ್ಲ, ಅದರದೇ ತಾಯಿ ಇರುತ್ತಿದ್ದಳು" ಎಂದರು ಗುರುಗಳು.