ಶ್ರುತಿ ಏರಿಸಿದ ವರ್ನಾ

ಅಮೆರಿಕದ ಬೆಟ್ಟಸೀಮೆಯಲ್ಲಿ ವರ್ನಾ ಎಂಬ ಹೆಂಗಸಿದ್ದಳು. ಅಲ್ಲಿನವರು ಬ್ಲೂಗ್ರಾಸ್ ಎಂದು ಕರೆಯುವ ಹಾಡುಗಳನ್ನು ಹಾಡುವುದು, ಪಿಟೀಲು ನುಡಿಸುವುದು ಅವಳ ಕಸುಬು. ಬ್ಯಾಂಜೊ ಬಾರಿಸುವ ಅಮೋಸ್ ಕಟ್ಟಿದ ಮೇಳದಲ್ಲಿ ಇಪ್ಪತ್ತು ವರ್ಷದಿಂದ ಅವಳದೇ ದನಿ, ಅವಳದೇ ಪಿಟೀಲು. ಜನ ಮೇಳದ ಹೆಸರು ಮರೆತರೂ ವರ್ನಾಳ ಹೆಸರು ಮರೆಯುತ್ತಿರಲಿಲ್ಲ.

ಒಂದು ವರ್ಷ ಗಿಟಾರ್ ನುಡಿಸಲು ಓಪಲ್ ಎಂಬ ಹೊಸಬಳು ಬಂದಳು. ವರ್ನಾಳಿಗೆ ಗಂಟಲು ಕಟ್ಟಿದ ಒಂದು ದಿನ ಅವಳ ಬದಲು ಹಾಡಿದಳು, ಅಷ್ಟೆ. ಮುಂದಿನ ಊರಿನಿಂದಲೇ ಜನ "ಆ ಹುಡುಗಿ ಹಾಡಲಿ" ಎನ್ನತೊಡಗಿದರು.

ವರ್ನಾ ನಗುನಗುತ್ತಲೇ ಪಿಟೀಲು ಹಿಡಿದು ಹಿಂದೆ ನಿಂತಳು. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಓಪಲ್‌ಗೆ ಬೀಳುವ ಪ್ರತಿ ಚಪ್ಪಾಳೆಯೂ ತನ್ನಿಂದ ಕಿತ್ತುಕೊಂಡದ್ದೆಂದೇ ಅವಳಿಗೆ ಅನಿಸುತ್ತಿತ್ತು. ಓಪಲ್ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವಳು. ಹಾಡು ಹೇಗಿತ್ತೆಂದು ಕೇಳಿದರೆ "ಪರವಾಗಿಲ್ಲ" ಎಂದು ತಂತಿ ಬಿಗಿಯುತ್ತಾ ಕೂರುವಳು.

ಬೇಸಿಗೆಯಲ್ಲಿ ಮೇಳಗಳ ಸ್ಪರ್ಧೆ ಬಂತು. ಗೆದ್ದವರಿಗೆ ವರ್ಷವಿಡೀ ರೇಡಿಯೊದಲ್ಲಿ ಹಾಡುವ ಅವಕಾಶ. ಯಾವ ಶ್ರುತಿಯಲ್ಲಿ ಹಾಡಬೇಕೆಂದು ಹೇಳುವುದು ಮೊದಲಿನಿಂದಲೂ ವರ್ನಾಳ ಕೆಲಸ. ವೇದಿಕೆ ಹತ್ತುವಾಗ ಅವಳು, "ಇವತ್ತು ಶ್ರುತಿ ಸ್ವಲ್ಪ ಏರಿಸೋಣ. ಬಯಲಲ್ಲಿ ಚೆನ್ನಾಗಿ ಕೇಳುತ್ತೆ" ಎಂದಳು. ಓಪಲ್ ಅವಳ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಗಿಟಾರನ್ನು ಆ ಶ್ರುತಿಗೆ ಹೊಂದಿಸಿಕೊಂಡಳು.

ಮೊದಲ ನುಡಿ ಹೇಗೋ ದಾಟಿತು. ಎರಡನೆಯದರಲ್ಲಿ ಹಾಡು ಮೇಲೇರುವ ಕಡೆ ಓಪಲ್‌ಳ ದನಿ ಒಡೆಯಿತು. ಅವಳು ಹಿಂದೆ ಸರಿದು, "ವರ್ನಾ, ನೀವು ಹಾಡಿ" ಎಂದು ಪಿಸುಗುಟ್ಟಿದಳು.

ವರ್ನಾ ಕಾಯುತ್ತಿದ್ದುದು ಇದಕ್ಕೇ. ಮೈಕಿನ ಮುಂದೆ ಬಂದು ದನಿ ಎತ್ತಿದಳು. ಅದೇ ಸಾಲಿನಲ್ಲಿ ಅವಳ ದನಿಯೂ ಸಿಕ್ಕಿಕೊಂಡಿತು. ಆ ಎತ್ತರದಲ್ಲಿ ಹಾಡಿ ಹತ್ತು ವರ್ಷವಾಗಿತ್ತು. ಹೊಟ್ಟೆಯುರಿಯಲ್ಲಿ ಅದು ನೆನಪಾಗಿರಲಿಲ್ಲ. ಕೇಳುತ್ತಿದ್ದವರು ಮುಖ ಮುಖ ನೋಡಿಕೊಂಡರು. ಆಗ ಓಪಲ್ ಪಕ್ಕಕ್ಕೆ ಬಂದು ಆ ಸಾಲನ್ನು ತಗ್ಗಿನ ದನಿಯಲ್ಲಿ ಎತ್ತಿಕೊಂಡಳು. ವರ್ನಾಳೂ ಅಲ್ಲಿಗೆ ಇಳಿದಳು. ಇಬ್ಬರೂ ಒಂದೇ ಮೈಕಿಗೆ ಬಾಗಿ ಹಾಡು ಮುಗಿಸಿದರು.

ಬಹುಮಾನ ಬೇರೆ ಮೇಳಕ್ಕೆ ಹೋಯಿತು.

ಅಮೋಸ್ ಓಪಲ್ ಮೇಲೆ ರೇಗಿದ. "ಹಾಡೋಕೆ ಆಗದಿದ್ದರೆ ಮೊದಲೇ ಹೇಳಬೇಕಿತ್ತು. ನಾಳೆಯಿಂದ ನೀನು ಬರೋದು ಬೇಡ."

ಓಪಲ್ ತಲೆ ತಗ್ಗಿಸಿ ಗಿಟಾರನ್ನು ಪೆಟ್ಟಿಗೆಯಲ್ಲಿ ಇಡತೊಡಗಿದಳು. ವರ್ನಾ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಬಯಸಿದ್ದು ತಾನಾಗಿಯೇ ಕೈಗೂಡುತ್ತಿತ್ತು. ಆದರೆ ಆ ಬಗ್ಗಿದ ತಲೆಯನ್ನು ನೋಡಿ ಅವಳಿಂದ ಸುಮ್ಮನಿರಲಾಗಲಿಲ್ಲ.

"ತಪ್ಪು ಅವಳದಲ್ಲ, ಅಮೋಸ್. ಅವಳ ದನಿ ಒಡೆಯಲಿ ಅಂತಲೇ ನಾನು ಶ್ರುತಿ ಏರಿಸಿದೆ. ಹೊಟ್ಟೆಕಿಚ್ಚಿಗೆ."

"ಹಾಗಾದರೆ ಅವಳು ಇರಲಿ," ಎಂದ ಅಮೋಸ್. ವರ್ನಾ ಓಪಲ್ ಕಡೆ ತಿರುಗಿದಳು. "ನಿನಗೆ ಆಗಲೇ ಗೊತ್ತಾಗಿತ್ತಲ್ಲ, ಯಾಕೆ ಸುಮ್ಮನಿದ್ದೆ?"

"ಚಿಕ್ಕಂದಿನಲ್ಲಿ ನಿಮ್ಮ ಹಾಡು ಕೇಳಿಯೇ ನಾನು ಹಾಡೋಕೆ ಕಲಿತದ್ದು," ಎಂದಳು ಓಪಲ್. "ನೀವು ಹೀಗೆ ಮಾಡ್ತೀರಿ ಅಂತ ನಂಬೋಕೆ ಮನಸ್ಸು ಬರಲಿಲ್ಲ."

ವರ್ನಾಳ ಹೊಟ್ಟೆಯುರಿ ಅಂದೇ ಪೂರ್ತಿ ಆರಲಿಲ್ಲ. ಆದರೂ ಅವಳು ಗಿಟಾರನ್ನು ಪೆಟ್ಟಿಗೆಯಿಂದ ತೆಗೆದು ಓಪಲ್‌ಳ ಕೈಗಿಟ್ಟು ಹೇಳಿದಳು: "ಇನ್ನು ಮೇಲೆ ಶ್ರುತಿ ನೀನು ಹೇಳು. ನಾನು ಅದಕ್ಕೆ ಪಿಟೀಲು ಹಿಡಿಯುತ್ತೇನೆ."

ನೀತಿ: ಜೊತೆಗಾರರ ಮೇಲಿನ ಹೊಟ್ಟೆಕಿಚ್ಚು ಅವರೊಬ್ಬರನ್ನೇ ಕೆಡಿಸುವುದಿಲ್ಲ; ನಮ್ಮನ್ನೂ, ಎಲ್ಲರೂ ಸೇರಿ ಮಾಡಿದ ಕೆಲಸವನ್ನೂ ಕೆಡಿಸುತ್ತದೆ. ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡಾಗಲೇ ಆ ಕಿಚ್ಚಿನ ಹಿಡಿತ ಸಡಿಲವಾಗುವುದು.