ಹೆಸರುಗುಡ್ಡಕ್ಕೆ ಆ ಹೆಸರು ಬಂದದ್ದು

ಗೊರವನಗಟ್ಟಿಯ ಮೂಡಣಕ್ಕೆ, ಕಪ್ಪು ಎರಿಹೊಲಗಳ ನಡುವೆ ಇನ್ನೊಂದು ಗುಡ್ಡಕ್ಕೆ ಎದುರಾಗಿ ನಿಂತಿರುವ ಗುಡ್ಡಕ್ಕೆ ಹೆಸರುಗುಡ್ಡ ಎನ್ನುತ್ತಾರೆ. ಹಿಂದೆ ಇಲ್ಲಿ ಹೆಸರುಕಾಳು ಬೆಳೆಯುತ್ತಿದ್ದರೆಂದು ಯಾರೋ ಜಾಣರು ದಾರಿಬದಿಯ ಫಲಕದಲ್ಲಿ ಬರೆಸಿಬಿಟ್ಟಿದ್ದಾರೆ. ಆ ನೆಲದಲ್ಲಿ ಹೆಸರು ಹಾಗಿರಲಿ, ಹುಲ್ಲು ಕೂಡ ನೆಟ್ಟಗೆ ಬೆಳೆಯದು. ನೆತ್ತಿಯ ಮೇಲೆ ಎರಡಾಳೆತ್ತರದ ಒಂದು ಕಲ್ಲುಗುಂಡು, ಅದಕ್ಕೆ ಕಡಿದ ಹನ್ನೊಂದು ಮೆಟ್ಟಿಲು, ಅಷ್ಟೇ ಅಲ್ಲಿರುವುದು. ದೇಸಾಯರ ಅಣ್ಣತಮ್ಮಂದಿರ ಕಾಳಗವನ್ನು ಬರೆದುಕೊಳ್ಳಲು ಬರುವವರಿಗೆ ಊರ ಗಂಡಸರು ಕೋಟೆಯ ಮುರುಕು ಬುರುಜನ್ನು ತೋರಿಸಿ ಕಳಿಸುತ್ತಾರೆ. ಹೋದ ವರ್ಷ ಬಂದ ಒಬ್ಬ ಹೆಣ್ಣುಮಗಳು ಮಾತ್ರ, ಆ ಕಾಳಗದಲ್ಲಿ ಹೆಂಗಸರು ಏನು ಮಾಡುತ್ತಿದ್ದರು ಎಂದು ಕೇಳಿದಳು. ತೊಂಬತ್ತರ ಅಂಚಿನ ದುಂಡವ್ವಜ್ಜಿ ಕೋಲೆತ್ತಿ ಗುಡ್ಡ ತೋರಿಸಿದಳು. "ಬುರುಜು ನೋಡಿ ಏನ್ ಮಾಡ್ತೀಯವ್ವಾ? ಅಲ್ಲಿ ಹತ್ತು, ಹೇಳ್ತೀನಿ." ಅಜ್ಜಿ ಹೇಳಿದ್ದು ಸಾವಂತ್ರೆವ್ವನ ಕತೆಯನ್ನು.

ಹಿಂದೆ ಒಮ್ಮೆ ಗೊರವನಗಟ್ಟಿಯ ದೇಸಾಯಿ ತೀರಿಕೊಂಡಾಗ ಅವನ ಇಬ್ಬರು ಹೆಂಡಿರ ಇಬ್ಬರು ಮಕ್ಕಳು ಗಾದಿಗಾಗಿ ಬಡಿದಾಡಿದರು. ಒಂದೇ ಸೀಮೆ ಎರಡು ಹೋಳಾಯಿತು. ಹಿರಿಯ ದೇಸಾಯಿ ಕೋಟೆಯೊಳಗೆ ಕುಳಿತ, ಕಿರಿಯ ದೇಸಾಯಿ ಹೊರಗೆ ಮುತ್ತಿಗೆ ಹಾಕಿದ. ಊರ ಹೆಂಗಸರು ಹಗಲೆಲ್ಲ ಜೋಳ ಬೀಸಿ, ರೊಟ್ಟಿ ಬಡಿದು, ಬುಟ್ಟಿಯ ತಳದಲ್ಲಿ ಸಿಡಿಮದ್ದಿನ ಗಂಟಿಟ್ಟು ಮೇಲೆ ರೊಟ್ಟಿ ಮುಚ್ಚಿ ಕೋಟೆಗೆ ಹೊರುತ್ತಿದ್ದರು. ಹೊರಗಿನ ಪಹರೆಯವರೂ ಹಸಿದವರೇ, ಮೇಲಿನ ನಾಲ್ಕು ರೊಟ್ಟಿ ಕಿತ್ತುಕೊಂಡು ಬುಟ್ಟಿಯನ್ನು ಬಿಟ್ಟುಬಿಡುತ್ತಿದ್ದರು. ಗಾಯಗೊಂಡು ಬಿದ್ದವರಿಗೆ ಈ ಹೆಂಗಸರು ಅರಿಶಿನ ಒತ್ತಿ, ಸೆರಗು ಹರಿದು ಕಟ್ಟುತ್ತಿದ್ದರು. ಯಾವ ಕಡೆಯವನೆಂದು ಕೇಳುವ ಹಾಗಿರಲಿಲ್ಲ, ಈ ಕಡೆಯವರು ಗಂಡನ ಮನೆಯವರಾದರೆ ಆ ಕಡೆಯವರು ತವರಿನವರು.

ಸಾವಂತ್ರೆವ್ವನ ಗಂಡ ಕೋಟೆಯ ತೋಪು ಹಾರಿಸುವವನು, ಹೆಸರು ಕಲ್ಲಪ್ಪ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ತಗ್ಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಸಾವಂತ್ರೆವ್ವ ಅದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮದುವೆಯಾದ ಎಂಟು ವರ್ಷದಲ್ಲಿ ಆಕೆ ಕಲ್ಲು ಎಂಬ ಮಾತನ್ನೇ ಆಡಿರಲಿಲ್ಲ. ಜೋಳದಲ್ಲಿ ಸಿಕ್ಕಿದರೆ ಹರಳು ಎನ್ನುವಳು, ಬೀಸುವ ಕಲ್ಲಿಗೆ ಬೀಸೂದು ಎನ್ನುವಳು. "ಕಾಲಿಗೆ ಏನ್ ಎಡವಿತ ಸಾವಂತ್ರೀ?" ಎಂದು ವಾರಗಿತ್ತಿಯರು ಬೇಕೆಂತಲೇ ಕೇಳಿ ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು, ಹೇಳುತ್ತಿರಲಿಲ್ಲ.

ಕೋಟೆ ಬಿತ್ತು. ಹಿರಿಯ ದೇಸಾಯಿ ಓಡಿಹೋದ. ನಲವತ್ತೊಂದು ಮಂದಿ ಸೆರೆ ಸಿಕ್ಕರು. ಹೊತ್ತು ನೆತ್ತಿಗೆ ಬಂದೊಡನೆ ನಗಾರಿಗೊಬ್ಬರಂತೆ ತಲೆ ಹೊಡೆಯಲೆಂದು ಅವರನ್ನು ಈ ಗುಡ್ಡದ ಆಚೆ ಮಗ್ಗುಲಲ್ಲಿ ಸಾಲಾಗಿ ಕೂರಿಸಿ, ಎಲ್ಲರಿಗಿಂತ ಹೆಚ್ಚು ಹಗೆಯಾದ ತೋಪಿನವನನ್ನು ಸಾಲಿನ ಮೊದಲಿಗಿಟ್ಟರು. ಗೆದ್ದವನ ತಾಯಿ ಮಗನ ಕಾಲು ಹಿಡಿದು ಒಂದು ಮಾತು ಪಡೆದಳಂತೆ: ಕತ್ತಿ ಇಳಿಯುವುದರೊಳಗೆ ಯಾರ ಹೆಂಡತಿ ಬಂದು ಗಂಡನ ಹೆಸರು ಹಿಡಿದು ಕರೆಯುತ್ತಾಳೋ ಅವನನ್ನು ಬಿಡಬೇಕು. ಒಳ್ಳೆಯ ಮನಸ್ಸಿನ ಮಾತೇ. ಆದರೆ ಆಕೆ ಗಂಡನನ್ನು ಕಳೆದುಕೊಂಡವಳು, ಹೆಸರು ಹೇಳಲು ಆಕೆಗೆ ಭಯವಿರಲಿಲ್ಲ. ಉಳಿದವರಿಗೆ ಇತ್ತು ಎಂಬುದು ಆಕೆಗೆ ಹೊಳೆಯಲಿಲ್ಲ.

ಹೆಂಗಸರು ಬಂದರು. ಸೆರಗು ಎಳೆದುಕೊಂಡು ಗುಂಡಿನ ಈಚೆಗೆ ಮೂಕರಾಗಿ ನಿಂತರು. ಕೊನೆಗೆ ಸಾವಂತ್ರೆವ್ವ ಮುಂದೆ ಬಂದು ಗುಂಡಿನ ಮೇಲೆ ಅಂಗೈ ಬಡಿದಳು. "ಇದೈತಲ್ರೀ, ಇದ... ನಮ್ಮನಿಯವರ ಹೆಸರು."

ಹೆಸರು ಬರೆದುಕೊಳ್ಳಲು ಕುಳಿತಿದ್ದ ಕಿರಿಯ ದೇಸಾಯಿಯ ಕಾರಕೂನ ಬೇಸತ್ತಿದ್ದ. "ಗುಂಡಪ್ಪನ್ನ ಬಿಡ್ರೋ!" ಎಂದು ಆಚೆಗೆ ಕೂಗಿಯೇಬಿಟ್ಟ. ಸಾಲಿನಲ್ಲಿ ಗುಂಡಪ್ಪನೆಂಬ ಒಬ್ಬ ಕಲ್ಲುಕುಟಿಗನಿದ್ದ, ಮದುವೆಯಾಗದವನು, ಕರೆಯಲು ಯಾರೂ ಇಲ್ಲದವನು. ಅವನು ಗುಂಡು ಸುತ್ತಿ ಬಂದದ್ದನ್ನು ನೋಡಿ ಸಾವಂತ್ರೆವ್ವನ ಎದೆ ಒಡೆಯಿತು. "ಇವರಲ್ರೀ ಯಪ್ಪಾ, ಇವರಲ್ಲ!"

"ಹಂಗಾದ್ರ ಯಾರು? ಬಾಯಿ ಬಿಟ್ಟು ಹೇಳಬೇ, ಅಂವನ್ನೂ ಬಿಡಸ್ತೀನಿ," ಎಂದ ಕಾರಕೂನ. ಅವನೂ ಕೆಟ್ಟವನಲ್ಲ.

ಆಕೆ ಬಾಯಿ ತೆರೆದಳು. ಹೇಳಿದರೆ ಆಯುಷ್ಯ ಹೋಗುತ್ತದೆ, ಹೇಳದಿದ್ದರೆ ಇಂದೇ ಹೋಗುತ್ತದೆ. ಎಂಟು ವರ್ಷ ಬಿಗಿಹಿಡಿದ ನಾಲಿಗೆ ಆಗ ಬೇಡಿಕೊಂಡರೂ ಹೊರಳಲಿಲ್ಲ. ಹೊತ್ತು ನೆತ್ತಿಗೆ ಬಂದು ಆಚೆ ಕಡೆ ಮೊದಲ ನಗಾರಿ ಬಡಿಯಿತು. ಆ ಸದ್ದಿಗೆ ಆಕೆ ಉಗುರು ಕಿತ್ತುಬರುವಂತೆ ಗುಂಡನ್ನು ತಬ್ಬಿ ಹತ್ತಿ, ತುದಿಯಲ್ಲಿ ನಿಂತು, "ಕಲ್ಲಪ್ಪಾ!" ಎಂದು ಕೂಗಿದಳು. ಮೇಲಿನಿಂದ ಸಾಲು ಕಾಣುತ್ತಿತ್ತು. ಕೂಗು ಕೇಳಿ ಅವನು ತಲೆಯೆತ್ತಿ ನೋಡಿದ ಎನ್ನುತ್ತಾರೆ. ಕತ್ತಿ ಆಗಲೇ ಇಳಿಯುತ್ತಿತ್ತು. ಎದುರಿನ ಗುಡ್ಡ ಆಕೆಯ ಕೂಗನ್ನು ಹಾಗೆಯೇ ಹಿಂದಕ್ಕೆ ಕಳಿಸಿತು.

ಆಮೇಲೆ ಯಾವ ಹೆಂಗಸೂ ತಡೆಯಲಿಲ್ಲ. ಸೆರಗು ಕಿತ್ತೊಗೆದು, ಒಬ್ಬರನ್ನೊಬ್ಬರು ಹೆಗಲ ಮೇಲೆ ಹತ್ತಿಸಿಕೊಂಡು, ಗಂಡಂದಿರ ಹೆಸರು ಹಿಡಿದು ಕೂಗಿದರು. ಕೂಗಿನ ಭರಕ್ಕೆ ಕತ್ತಿ ಹಿಡಿದವನ ಕೈ ನಿಂತಿತು. ಕೊಟ್ಟ ಮಾತಿಗೆ ಕಿರಿಯ ದೇಸಾಯಿ ತಪ್ಪಲಿಲ್ಲ, ಉಳಿದವರೆಲ್ಲ ಮನೆಗೆ ಬಂದರು. ಅವರು ಯಾರೂ ಹೆಸರು ಹೇಳಿಸಿಕೊಂಡದ್ದಕ್ಕೆ ಬೇಗ ಸಾಯಲಿಲ್ಲ, ಮುದುಕರಾಗಿ ಮಂಚದ ಮೇಲೆ ಸತ್ತರು. ಅದನ್ನು ನೋಡುತ್ತ ಬದುಕಿದ್ದೇ ಸಾವಂತ್ರೆವ್ವನಿಗೆ ಎಲ್ಲಕ್ಕಿಂತ ದೊಡ್ಡ ದುಃಖ. ಗುಂಡಪ್ಪ ಆಕೆಯ ಬಾಗಿಲಿಗೆ ಬಂದು ನಿಂತು, ಅಲ್ಲಿಂದ ಉಳಿ ಹಿಡಿದು ಗುಡ್ಡಕ್ಕೆ ಹೋಗಿ, ಗುಂಡಿಗೆ ಒಂದೊಂದಾಗಿ ಹನ್ನೊಂದು ಮೆಟ್ಟಿಲು ಕಡಿದ.

ಆ ಇಬ್ಬರು ದೇಸಾಯರ ಹೆಸರು ಈಗ ಊರಲ್ಲಿ ಯಾರಿಗೂ ನೆನಪಿಲ್ಲ. ಮೆಟ್ಟಿಲು ಮಾತ್ರ ಹೆಂಗಸರ ಪಾದ ತಾಗಿ ನಡುವೆ ಸವೆದಿವೆ. ಗೊರವನಗಟ್ಟಿಗೆ ಬಂದ ಪ್ರತಿ ಹೊಸ ಸೊಸೆ ಗುಂಡು ಹತ್ತಿ ಗಂಡನ ಹೆಸರು ಕೂಗಬೇಕು. ಮೊದಲು ಮಾತ್ರ ಕಲ್ಲಪ್ಪನನ್ನು ಕೂಗುತ್ತಾರೆ. ಎದುರಿನ ಗುಡ್ಡದಿಂದ ಆ ಹೆಸರು ತಿರುಗಿ ಬರುವ ತನಕ ಯಾರೂ ತಮ್ಮವರನ್ನು ಕರೆಯುವುದಿಲ್ಲ.