ಮುಂದಿನ ಬೆಂಚು

"ಗುರುಗಳೇ, ನನ್ನ ಗೆಳೆಯನೊಬ್ಬ ಓದಿಗೆ ಅಡ್ಡಿಯಾಗಬಾರದೆಂದು ಮನೆಯ ಸಂಗತಿಯೊಂದನ್ನು ಮುಚ್ಚಿಟ್ಟಿದ್ದಾನೆ. ಅದರಿಂದ ಯಾರಿಗೂ ಕೇಡಿಲ್ಲ. ಅದು ತಪ್ಪೇ?" ಎಂದು ಶಿಷ್ಯ ಕೇಳಿದ. ತಿಂಗಳಿಗೊಮ್ಮೆ ಈ ಶಿಷ್ಯನಿಗೆ ಊರಿನಿಂದ ಕಾಗದ ಬರುತ್ತಿತ್ತು. ಅಕ್ಕ ಬರೆದದ್ದು ಎನ್ನುತ್ತಿದ್ದ.

"ಗೆಳೆಯನೋ? ಆಗಲಿ, ಈ ಕತೆಯನ್ನು ಅವನಿಗೇ ಹೇಳು," ಎಂದು ಗುರುಗಳು ಕತೆ ತೆಗೆದರು.

ಐರ್ಲೆಂಡ್ ದೇಶದಲ್ಲಿ, ಉಗಿಬಂಡಿ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಒಬ್ಬ ಪಾದ್ರಿಯಿದ್ದ. ದೊಡ್ಡ ವಿದ್ವಾಂಸ. ವಿಶ್ವವಿದ್ಯಾಲಯದಲ್ಲಿ ಹೀಬ್ರೂ ಪಾಠ ಹೇಳುತ್ತಿದ್ದ, ಭಾನುವಾರ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದ. ಅವರ ಪಂಥದಲ್ಲಿ ಪಾದ್ರಿ ಮದುವೆಯಾಗಬಹುದು. ಆದರೆ ಆ ವಿಶ್ವವಿದ್ಯಾಲಯದಲ್ಲಿ, ನಮ್ಮ ಪಾಠಶಾಲೆಯ ಹಾಗೆಯೇ, ಮದುವೆಯಾದವನಿಗೆ ಜಾಗವಿರಲಿಲ್ಲ.

ಅವನು ಗುಟ್ಟಾಗಿ ಮದುವೆಯಾದ. ಹೆಂಡತಿ ಬೇರೆ ಬೀದಿಯಲ್ಲಿ, ತವರಿನ ಹೆಸರಿನಲ್ಲೇ ಉಳಿದಳು. ಚರ್ಚಿನಲ್ಲಿ ಪಾದ್ರಿಯ ಹೆಂಡತಿಗೆಂದು ಎಲ್ಲಕ್ಕಿಂತ ಮುಂದೆ ಒಂದು ಬೆಂಚಿತ್ತು. ಅದು ಖಾಲಿಯಿರುತ್ತಿತ್ತು. ಆಕೆ ಬಾಗಿಲ ಬಳಿ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು.

ಒಮ್ಮೆ ಕೇಳಿದಳು: "ಆ ಬೆಂಚಿನಲ್ಲಿ ನಾನು ಕೂರುವುದು ಯಾವಾಗ?"

"ಬರೆಯುತ್ತಿರುವ ಭಾಷ್ಯ ಮುಗಿಯಲಿ. ಆಮೇಲೆ ಕೆಲಸ ಹೋದರೂ ಹೋಗಲಿ, ನಾನೇ ಎಲ್ಲರೆದುರು ಕರೆಯುತ್ತೇನೆ."

ಆಕೆ ಮತ್ತೆ ಕೇಳಲಿಲ್ಲ. ಭಾಷ್ಯ ಒಂದು ಸಂಪುಟ ಹೋಗಿ ಮೂರಾಯಿತು. ಸುಳ್ಳಾಡಬಾರದೆಂದು ಅವನು ಮಾಡಿದ ಉಪದೇಶವನ್ನು ಊರೇ ಹೊಗಳಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ, ಅನ್ನುತ್ತಾರಲ್ಲ. ಆದರೂ ಅವನು ಕೆಟ್ಟವನಲ್ಲ. ನನಗೆ ಅವನ ಮೇಲೆ ಸಿಟ್ಟಿದೆ, ಮರುಕವೂ ಇದೆ.

ಹದಿನಾರು ವರ್ಷ ಕಳೆಯಿತು. ವಿಶ್ವವಿದ್ಯಾಲಯ ತಾನಾಗಿಯೇ ಆ ನಿಯಮವನ್ನು ತೆಗೆದುಹಾಕಿತು. ಆ ಭಾನುವಾರ ಪಾದ್ರಿ ಪೀಠ ಹತ್ತಿದಾಗ ಅವನ ಎದೆ ತುಂಬಿ ಬಂದಿತ್ತು.

"ನನ್ನ ಹೆಂಡತಿ ಇಲ್ಲಿದ್ದಾಳೆ. ಆಕೆ ಮುಂದೆ ಬಂದು ತನ್ನ ಜಾಗದಲ್ಲಿ ಕೂರಲಿ," ಎಂದು ಎಲ್ಲರೆದುರು ಕರೆದ.

ಜನರೆಲ್ಲ ಹಿಂದೆ ತಿರುಗಿ ನೋಡಿದರು. ಕೊನೆಯ ಬೆಂಚಿನಲ್ಲಿದ್ದ ಆಕೆಯೂ, ಬರುವವಳು ಯಾರಿರಬಹುದೆಂದು, ಹಿಂದೆ ತಿರುಗಿ ಬಾಗಿಲ ಕಡೆ ನೋಡಿದಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿದ. ಅವರು ಪಕ್ಕದಲ್ಲಿದ್ದ ಲಕೋಟೆಯನ್ನು ಅವನತ್ತ ಚಾಚಿದರು.

"ತೆಗೆದುಕೋ, ನಿನ್ನ ಹೆಂಡತಿ ಕಾಗದ ಬರೆದಿದ್ದಾಳೆ."